ಆಷಾಢದಲ್ಲಿ ಖಾಲಿಯಾದ ಜೇನು ಪೆಟ್ಟಿಗೆ: ತಪ್ಪಿದ್ದು ಎಲ್ಲಿ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ಕಣಿವೆಯಲ್ಲಿ ಎರಡು ಎಕರೆ ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ. ಕಳೆದ ನವೆಂಬರಿನಲ್ಲಿ ಆರು ತುಡುವೆ ಜೇನು (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಕುಟುಂಬ ತಂದು, ನೀರಿಗೆ ಅನುಕೂಲವೆಂದು ತೋಟದ ನಡುವೆ ಹಳ್ಳದ ಬದಿಯಲ್ಲೇ ಇಟ್ಟೆ. ಮಾರ್ಚ್‌ನಿಂದ ಮೂರು ಸಲ ತುಪ್ಪ ತೆಗೆದೆ. ಮೇ 28ರಂದು ಕೊನೆಯ ಸಲ ತೆಗೆಯುವಾಗ ಮೇಲಿನ ಕೋಣೆಯಲ್ಲಿ ಏನೂ ಇರಲಿಲ್ಲ. ಹಾಗಾಗಿ ಕೆಳಗಿನ ಎರಿಗಳ (ನೊಣ ಕಟ್ಟುವ ಮೇಣದ ಹಲ್ಲೆಗಳ) ತುಪ್ಪವನ್ನೇ ತೆಗೆದೆ, ಆರು ಪೆಟ್ಟಿಗೆಯಿಂದ 5 ಕೆ.ಜಿ. ಬಂತು. ಜುಲೈ ಕೊನೆಗೆ ನೋಡಿದರೆ ನಾಲ್ಕು ಪೆಟ್ಟಿಗೆ ಖಾಲಿ. ಎರಿಯ ತುಂಬ ಬಿಳಿ ಹುಳು, ಜೇಡರ ಬಲೆಯ ಹಾಗೆ ನೂಲು. ಉಳಿದ ಎರಡರಲ್ಲೂ ನೊಣ ಕಡಿಮೆ. ಮೊಬೈಲ್ ಟವರಿನಿಂದ ಹೀಗಾಗಿದೆ ಎಂದು ಒಬ್ಬರು, ಹುಳ ಬಿದ್ದು ಓಡಿಹೋಗಿವೆ ಎಂದು ಇನ್ನೊಬ್ಬರು, ರಾಣಿ ಗೇಟು ಹಾಕಿದ್ದರೆ ಹೋಗುತ್ತಿರಲಿಲ್ಲ ಎಂದು ಮತ್ತೊಬ್ಬರು ಹೇಳುತ್ತಾರೆ. ಸಕ್ಕರೆ ಕೊಟ್ಟರೆ ನೊಣ ಸೋಮಾರಿಯಾಗುತ್ತದೆ ಎಂದು ಕೇಳಿದ್ದರಿಂದ ಪಾಕ ಕೊಟ್ಟಿಲ್ಲ. ಇದೆಲ್ಲ ಬಿಟ್ಟು ಮೆಲ್ಲಿಫೆರಾ ಎಂಬ ವಿದೇಶಿ ಜೇನು ಸಾಕಿ ಎಂಬ ಸಲಹೆಯೂ ಬಂದಿದೆ. ಉಳಿದ ಎರಡನ್ನು ಉಳಿಸಿಕೊಳ್ಳುವುದು ಹೇಗೆ? ಪೆಟ್ಟಿಗೆಯನ್ನು ಎಲ್ಲಿಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿರುವ ಒಂದು ದಿನಾಂಕವೇ ಅರ್ಧ ಉತ್ತರ ಕೊಡುತ್ತದೆ. ಅದು ಮೇ 28. ಮಲೆನಾಡಿನಲ್ಲಿ ಆಷಾಢಕ್ಕೆ ಹಾರಿಹೋಗುವ ಜೇನು ಬಹುಪಾಲು ಮೇ ತಿಂಗಳಲ್ಲೇ ಕೈತಪ್ಪಿರುತ್ತದೆ. ಪೆಟ್ಟಿಗೆ ಖಾಲಿಯಾದದ್ದು ನಮ್ಮ ಕಣ್ಣಿಗೆ ಬೀಳುವುದು ಮಾತ್ರ ಎರಡು ತಿಂಗಳು ತಡವಾಗಿ.

ಲೆಕ್ಕ ನೋಡಿ. ಆರು ಪೆಟ್ಟಿಗೆಯ ಸಂಸಾರ ಕೋಣೆಯಿಂದ, ಅಂದರೆ ಮರಿ ಬೆಳೆಯುವ ಕೆಳಗಿನ ಕೋಣೆಯಿಂದ, 5 ಕೆ.ಜಿ. ಎಂದರೆ ಒಂದೊಂದರಿಂದ ಸುಮಾರು 800 ಗ್ರಾಂ. ಹೊರಗೆ ಹೂವಿಲ್ಲದ ಮಳೆಗಾಲದಲ್ಲಿ ತುಡುವೆ ಕುಟುಂಬವೊಂದಕ್ಕೆ ವಾರಕ್ಕೆ 200ರಿಂದ 250 ಗ್ರಾಂ ಸಕ್ಕರೆಯಷ್ಟು ಆಹಾರ ಬೇಕು. ಜೇನುತುಪ್ಪದಲ್ಲಿ ಐದನೇ ಒಂದು ಪಾಲು ನೀರೇ ಇರುವುದರಿಂದ, ತುಪ್ಪದ ಲೆಕ್ಕದಲ್ಲಿ ಅದು 250ರಿಂದ 300 ಗ್ರಾಂ ಆಗುತ್ತದೆ. ಅಂದರೆ ನೀವು ತೆಗೆದದ್ದು ಒಂದೊಂದು ಕುಟುಂಬದ ಮೂರು ವಾರದ ಊಟ. ಮೃಗಶಿರ ಮಳೆ ಹಿಡಿಯುವುದಕ್ಕೆ ಹತ್ತು ದಿನವಿರುವಾಗ ಉಗ್ರಾಣ ಬರಿದಾಯಿತು. ಆರಿದ್ರಾ, ಪುನರ್ವಸು ಮಳೆಯಲ್ಲಿ ನಿಮ್ಮ ಕಡೆ ನೊಣ ಹೊರಗೆ ಬರುವುದೇ ದಿನಕ್ಕೆ ಒಂದೆರಡು ಗಂಟೆ. ಕೆಲವು ದಿನ ಅದೂ ಇಲ್ಲ.

ಆಮೇಲೆ ಒಳಗೆ ಏನಾಗುತ್ತದೆ? ಪರಾಗ, ತುಪ್ಪ ಎರಡೂ ಕಡಿಮೆಯಾದ ಕೂಡಲೇ ಕೆಲಸಗಾರ ನೊಣಗಳು ರಾಣಿಗೆ ಉಣಿಸುವುದನ್ನು ತಗ್ಗಿಸುತ್ತವೆ. ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ, ಅದರ ಹೊಟ್ಟೆ ಸಣ್ಣದಾಗುತ್ತದೆ. ತುಡುವೆಯಲ್ಲಿ ಮೊಟ್ಟೆಯಿಂದ ಕೆಲಸಗಾರ ನೊಣ ಹೊರಬರಲು ಸುಮಾರು 20 ದಿನ ಬೇಕು, ದುಡಿಯುವ ಕಾಲದಲ್ಲಿ ನೊಣದ ಆಯುಸ್ಸು ನಾಲ್ಕರಿಂದ ಆರು ವಾರ. ಜೂನ್ ಮಧ್ಯದಲ್ಲಿ ಮೊಟ್ಟೆ ನಿಂತರೆ ಜುಲೈ ಕೊನೆಗೆ ಹಳೆಯ ನೊಣ ಸತ್ತಿರುತ್ತವೆ, ಹೊಸದು ಹುಟ್ಟಿರುವುದಿಲ್ಲ. ಆ ಹಂತಕ್ಕೆ ಮೊದಲೇ, ಕಣದೊಳಗೆ ಮೇಣದಿಂದ ಮುಚ್ಚಿದ ಮರಿಗಳೆಲ್ಲ ಹೊರಬಂದ ಮೇಲೆ, ಉಳಿದ ನೊಣಗಳು ರಾಣಿಯನ್ನು ಕರೆದುಕೊಂಡು ಜಾಗ ಬಿಡುತ್ತವೆ. ಇದು ಪಾಲಾಗುವುದಲ್ಲ. ಕುಟುಂಬ ಬಲವಾದಾಗ ಅರ್ಧ ನೊಣ ಹಳೆಯ ರಾಣಿಯ ಜೊತೆ ಹೊರಟು ಅರ್ಧ ಉಳಿಯುವುದಕ್ಕೆ ಪಾಲು ಎನ್ನುತ್ತೇವೆ, ಅದು ನಮ್ಮಲ್ಲಿ ಡಿಸೆಂಬರಿನಿಂದ ಫೆಬ್ರವರಿಯ ಮಾತು. ಇದು ಪೂರ್ತಿ ಸಂಸಾರ ಗುಳೆ ಹೋಗುವುದು. ಕಾಡಿನಲ್ಲಿ ಬದುಕಲು ತುಡುವೆ ಕಲಿತ ದಾರಿಯೇ ಅದು. ರೋಗವಲ್ಲ.

ಹುಳದ ವಿಷಯ. ನೀವು ನೋಡಿದ ಬಿಳಿ ಹುಳು ಮೇಣದ ಪತಂಗದ ಮರಿ. ಅದು ಬಂದದ್ದಕ್ಕೆ ಜೇನು ಓಡಿತು ಎಂಬುದರಲ್ಲಿ ಕಾಲು ಭಾಗ ಮಾತ್ರ ನಿಜವಿದೆ. ಪತಂಗ ರಾತ್ರಿ ಎಲ್ಲ ಪೆಟ್ಟಿಗೆಗೂ ನುಗ್ಗಿ ಬಿರುಕಿನಲ್ಲಿ, ಅಡಿಹಲಗೆಯ ಕಸದಲ್ಲಿ ಮೊಟ್ಟೆ ಇಡುತ್ತದೆ. ಎರಿಯ ಎರಡೂ ಮೈಗೆ ನೊಣ ಕವಿದಿದ್ದರೆ ಹುಟ್ಟಿದ ಹುಳುವನ್ನು ಹೊರಗೆಳೆದು ಹಾಕುತ್ತವೆ. ಎಂಟು ಚೌಕಟ್ಟಿನ ಕೋಣೆಯಲ್ಲಿ ಮೂರು ಚೌಕಟ್ಟಿಗಾಗುವಷ್ಟೇ ನೊಣ ಉಳಿದರೆ ಮಿಕ್ಕ ಐದು ಎರಿಗೆ ಕಾವಲಿಲ್ಲ. ಹುಳು ಬೆಳೆಯುವುದು ಅಲ್ಲಿ. ಹಳೆಯ ಕಪ್ಪು ಎರಿಯಾದರೆ ಇನ್ನೂ ಬೇಗ, ಏಕೆಂದರೆ ಅದಕ್ಕೆ ಬೇಕಾದದ್ದು ಬರೀ ಮೇಣವಲ್ಲ, ಮರಿ ಬಿಟ್ಟುಹೋದ ಪೊರೆ ಮತ್ತು ಪರಾಗ. ಹುಳು ಬಲವಾದ ಮೇಲೆ ಅದೂ ನೊಣಗಳನ್ನು ಹೊರದೂಡುತ್ತದೆ ಎಂಬುದು ನಿಜ. ಆದರೆ ಬಾಗಿಲು ತೆರೆದುಕೊಟ್ಟದ್ದು ಹಸಿವು.

ಮೊಬೈಲ್ ಟವರನ್ನು ಈ ಪ್ರಕರಣದಲ್ಲಿ ಬಿಟ್ಟುಬಿಡಿ. ಹೊಸನಗರದ ಒಳಹಳ್ಳಿಗಳಲ್ಲಿ ಸಿಗ್ನಲ್‌ಗಾಗಿ ಗುಡ್ಡ ಹತ್ತುವವರು ಟವರನ್ನು ದೂರುವುದೇ ಒಂದು ತಮಾಷೆ.

ರಾಣಿ ಗೇಟಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕೆಲಸಗಾರ ನೊಣ ದಾಟುವಷ್ಟು, ರಾಣಿ ದಾಟಲಾಗದಷ್ಟು ಕಿಂಡಿಯ ಈ ತಗಡು ಉಪಯೋಗದ ಸಾಮಾನೇ. ಹೊಸದಾಗಿ ಹಿಡಿದು ತಂದ ಕುಟುಂಬ ಪೆಟ್ಟಿಗೆಗೆ ಹೊಂದಿಕೊಳ್ಳುವ ತನಕ, ಅಂದರೆ ಎರಿ ಕಟ್ಟಿ ರಾಣಿ ಮೊಟ್ಟೆ ಇಡುವ ತನಕ, ನಾಲ್ಕೈದು ದಿನ ಹಾಕಬಹುದು. ಖಾಯಂ ಹಾಕಿದರೆ ಗಂಡು ನೊಣಗಳು ಹೊರಬರಲಾಗದೆ ಬಾಗಿಲಲ್ಲೇ ಸತ್ತು ದಾರಿ ಕಟ್ಟುತ್ತವೆ, ಹೊಸ ರಾಣಿಯಿದ್ದರೆ ಮಿಲನಕ್ಕೆ ಹೋಗಲಾಗದೆ ಕುಟುಂಬವೇ ಹಾಳಾಗುತ್ತದೆ. ಹಸಿದ ಕುಟುಂಬಕ್ಕೆ ಜೂನ್‌ನಲ್ಲಿ ಗೇಟು ಹಾಕಿದ್ದರೆ ಜುಲೈನಲ್ಲಿ ನಿಮಗೆ ಖಾಲಿ ಪೆಟ್ಟಿಗೆಯ ಬದಲು ಸತ್ತ ನೊಣದ ರಾಶಿ ಸಿಗುತ್ತಿತ್ತು. ರಾಣಿಯ ರೆಕ್ಕೆ ಕತ್ತರಿಸಿ ಎಂದು ಕೆಲವರು ಕೊಡುವ ಸಲಹೆಗೂ ಇದೇ ಉತ್ತರ.

ಸಕ್ಕರೆ ಪಾಕದಿಂದ ನೊಣ ಸೋಮಾರಿಯಾಗುವುದಿಲ್ಲ. ಹೂವಿರುವಾಗ ಪಾಕ ಇಟ್ಟರೂ ಅದನ್ನು ಬಿಟ್ಟು ಹೂವಿಗೆ ಹೋಗುವ ಜೀವ ಅದು. ಪಾಕದಿಂದ ಆಗುವ ನಿಜವಾದ ತೊಂದರೆಗಳು ಬೇರೆ. ಮೇಲೆ ಜೇನು ಕೋಣೆ ಇಟ್ಟಿರುವಾಗ ಕೊಟ್ಟರೆ ಸಕ್ಕರೆ ತುಪ್ಪದೊಳಗೆ ಸೇರಿ ನಿಮ್ಮ ಮಾಲು ಕಲಬೆರಕೆಯಾಗುತ್ತದೆ. ಹಗಲು ಕೊಟ್ಟರೆ, ಇಲ್ಲವೇ ಹೊರಗೆ ಚೆಲ್ಲಿದರೆ, ಬಲವಾದ ಕುಟುಂಬ ದುರ್ಬಲವಾದದ್ದನ್ನು ದೋಚುತ್ತದೆ. ಬೆಲ್ಲದ ಪಾಕ ಕೊಟ್ಟರೆ ಬೇಗ ಹುಳಿಯುತ್ತದೆ, ನೊಣಕ್ಕೆ ಭೇದಿ ಹಿಡಿಯುತ್ತದೆ. ಅಂಗಡಿಯ ಜೇನುತುಪ್ಪವನ್ನಂತೂ ತಿನ್ನಿಸಲೇಬೇಡಿ, ಬೇರೆ ಕುಟುಂಬದ ರೋಗ ಅದರಲ್ಲಿ ಬರಬಹುದು.

ಒಂದು ಅನುಮಾನವನ್ನು ಮೊದಲು ಬಗೆಹರಿಸಿಕೊಳ್ಳಿ. ಉಳಿದ ಎರಡು ಪೆಟ್ಟಿಗೆಯ ಮರಿ ಎರಿಯನ್ನು ಬೆಳಕಿಗೆ ಹಿಡಿದು ನೋಡಿ. ಮರಿಗಳು ಕಣದೊಳಗೆ ಬೆನ್ನ ಮೇಲೆ ಉದ್ದಕ್ಕೆ ಮಲಗಿ, ತಲೆ ಮೇಲಕ್ಕೆ ದೋಣಿಯ ಮೂತಿಯಂತೆ ಎದ್ದು ಸತ್ತಿವೆಯೇ? ಕಡ್ಡಿಯಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಇಡಿಯಾಗಿ ಬರುತ್ತದೆಯೇ? ಹಾಗಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್ ವೈರಸ್. 1991-92ರ ಸುಮಾರಿಗೆ ದಕ್ಷಿಣ ಭಾರತಕ್ಕೆ ಬಂದು ತುಡುವೆ ಸಾಕಣೆಯನ್ನು ಹೆಚ್ಚುಕಡಿಮೆ ನೆಲಸಮ ಮಾಡಿದ ರೋಗ ಇದೇ. ಇದಕ್ಕೆ ಔಷಧಿ ಇಲ್ಲ. ಪ್ರತಿಜೈವಿಕ ಔಷಧವನ್ನು ಪಾಕದಲ್ಲಿ ಬೆರೆಸಿ ಕೊಡುವವರಿದ್ದಾರೆ, ಅದು ವೈರಸ್‌ಗೆ ತಟ್ಟುವುದಿಲ್ಲ, ತುಪ್ಪದಲ್ಲಿ ಮಾತ್ರ ಉಳಿಯುತ್ತದೆ. ರಾಣಿಯನ್ನು ಮೂರು ವಾರ ಪಂಜರದಲ್ಲಿಟ್ಟು ಮರಿಯ ಸರಣಿ ಕಡಿಯುವುದು, ರೋಗದ ಎರಿ ಸುಡುವುದು, ಪಾಕ ಕೊಡುವುದು, ಆ ಪೆಟ್ಟಿಗೆಯ ಯಾವುದನ್ನೂ ಬೇರೆ ಪೆಟ್ಟಿಗೆಗೆ ಹಾಕದಿರುವುದು, ಇಷ್ಟೇ ದಾರಿ. ನಿಮ್ಮ ವಿವರಣೆಯಲ್ಲಿ ಸತ್ತ ಮರಿಯ ಮಾತಿಲ್ಲ. ಆದ್ದರಿಂದ ಮುಂದಿನದನ್ನು ರೋಗವಿಲ್ಲ ಎಂದುಕೊಂಡೇ ಹೇಳುತ್ತೇನೆ.

ಈಗ ಮಾಡಬೇಕಾದದ್ದು

ಮಳೆ ಹೊಳವಾದ ದಿನ, ಹನ್ನೊಂದರಿಂದ ಎರಡು ಗಂಟೆಯೊಳಗೆ ಪೆಟ್ಟಿಗೆ ತೆರೆಯಿರಿ. ಮೊಟ್ಟೆ ಇದೆಯೇ ನೋಡಿ. ಮೊಟ್ಟೆ, ಎಳೆ ಮರಿ ಎರಡೂ ಇಲ್ಲದೆ ಬರೀ ಮುಚ್ಚಿದ ಮರಿ ಇದ್ದರೆ ಆ ಕುಟುಂಬ ಗಂಟುಮೂಟೆ ಕಟ್ಟಿದೆ ಎಂದರ್ಥ. ಮುಚ್ಚಿದ ಮರಿ ಹೊರಬರಲು ಹೆಚ್ಚೆಂದರೆ ಹನ್ನೊಂದು, ಹನ್ನೆರಡು ದಿನ. ನಿಮಗಿರುವ ಅವಕಾಶ ಅಷ್ಟೇ. ಇನ್ನೊಂದು ಪೆಟ್ಟಿಗೆಯಲ್ಲಿ ಮೊಟ್ಟೆ, ಎಳೆ ಮರಿ ಇರುವ ಚೌಕಟ್ಟಿದ್ದರೆ ಒಂದನ್ನು ನೊಣ ಕೊಡವಿ ಇದಕ್ಕೆ ಹಾಕಿ. ಸಾಕಬೇಕಾದ ಮರಿ ಕಣ್ಣೆದುರಿಗಿದ್ದರೆ ನೊಣ ಹೊರಡಲು ಹಿಂದೆಮುಂದೆ ನೋಡುತ್ತದೆ.

ನೊಣ ಕವಿಯದ ಎರಿಯನ್ನೆಲ್ಲ ಹೊರತೆಗೆಯಿರಿ. ಮೂರು ಎರಿಗೆ ನೊಣವಿದ್ದರೆ ಮೂರೇ ಇರಲಿ, ಪಕ್ಕಕ್ಕೆ ಚೌಕಟ್ಟಿನ ಅಳತೆಯ ಹಲಗೆಯೊಂದನ್ನು ತಡಿಕೆಯಾಗಿ ನಿಲ್ಲಿಸಿ. ಖಾಲಿ ಜೇನು ಕೋಣೆ ಮೇಲಿದ್ದರೆ ಇಳಿಸಿ. ಮರಿಯ ಜಾಗವನ್ನು 33ರಿಂದ 35 ಡಿಗ್ರಿ ಬೆಚ್ಚಗಿಡುವುದಕ್ಕೆ ನೊಣ ತುಪ್ಪ ಉರಿಸಬೇಕು. ಖಾಲಿ ಜಾಗ ಕಾಯಿಸುವುದು ಹಂಚಿಲ್ಲದ ಮನೆಯಲ್ಲಿ ಒಲೆ ಉರಿಸಿದಂತೆ. ಅಡಿಹಲಗೆಯ ಕಸ ಕೆರೆದು ದೂರ ಹಾಕಿ, ಪೆಟ್ಟಿಗೆಯ ಬುಡದಲ್ಲೇ ಸುರಿಯಬೇಡಿ. ಈ ಕೆಲಸವನ್ನು ವಾರಕ್ಕೊಮ್ಮೆ ಮಾಡಿ. ಅಡಿಹಲಗೆ ಒರೆಸುವುದಕ್ಕೆ ಎರಿ ಎತ್ತಬೇಕಿಲ್ಲ, ಮಳೆಗಾಲದಲ್ಲಿ ಪದೇಪದೇ ಚೌಕಟ್ಟು ಎಳೆದು ನೋಡುವ ಕುತೂಹಲವೂ ಕುಟುಂಬಕ್ಕೆ ಒಂದು ಹೊಡೆತವೇ.

ಪಾಕ ಹೀಗೆ ಮಾಡಿ: ನೀರು ಕುದಿಸಿ ಒಲೆಯಿಂದ ಇಳಿಸಿದ ಮೇಲೆ ಸಕ್ಕರೆ ಹಾಕಿ ಕರಗಿಸಿ, ಸಕ್ಕರೆ ಹಾಕಿ ಕುದಿಸಬೇಡಿ, ತಳ ಹಿಡಿದ ಪಾಕ ನೊಣಕ್ಕೆ ಜೀರ್ಣವಾಗುವುದಿಲ್ಲ. ಮಳೆ ಹೊಯ್ಯುತ್ತಿರುವಾಗ ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರು. ತೆಳು ಪಾಕದ ನೀರನ್ನು ಆರಿಸುವುದು ಈ ತೇವದಲ್ಲಿ ನೊಣಕ್ಕೆ ಇನ್ನೊಂದು ಕೆಲಸ. ಸೆಪ್ಟೆಂಬರಿನಲ್ಲಿ ಬಿಸಿಲು ಕಂಡ ಮೇಲೆ ಸಮಸಮ ಮಾಡಿ, ಆಗ ರಾಣಿ ಮೊಟ್ಟೆಗೆ ಮುಂದಾಗುತ್ತದೆ. ಪೆಟ್ಟಿಗೆಗೆ ವಾರಕ್ಕೆ 250 ಗ್ರಾಂ ಸಕ್ಕರೆಯ ಲೆಕ್ಕದಲ್ಲಿ, ಎರಡು ಕಂತಾಗಿ, ಕತ್ತಲಾದ ಮೇಲೆ, ಒಳಮುಚ್ಚಳದ ಕೆಳಗೆ ತೆಂಗಿನ ಗರಟದಲ್ಲಿ ಇಡಿ. ಗರಟದಲ್ಲಿ ನಾಲ್ಕು ಕಡ್ಡಿ ತೇಲಿಬಿಡದಿದ್ದರೆ ಬೆಳಿಗ್ಗೆ ಅರ್ಧ ನೊಣ ಪಾಕದಲ್ಲಿ ಮುಳುಗಿ ಸತ್ತಿರುತ್ತವೆ. ಎಲ್ಲ ಪೆಟ್ಟಿಗೆಗೂ ಒಂದೇ ಸಂಜೆ ಕೊಡಿ. ಪರಾಗದ ಬದಲಿಗೆ ಹುರಿಗಡಲೆ ಹಿಟ್ಟನ್ನು ಸಕ್ಕರೆ ಪುಡಿ, ತುಸು ಪಾಕದೊಂದಿಗೆ ಚಪಾತಿ ಹಿಟ್ಟಿನಂತೆ ಕಲಸಿ, ನಿಂಬೆಗಾತ್ರ ಚೌಕಟ್ಟಿನ ಮೇಲಿಡಬಹುದು. ತುಡುವೆ ಇದನ್ನು ಅಷ್ಟು ಇಷ್ಟಪಡುವುದಿಲ್ಲ. ಎರಡು ದಿನದಲ್ಲಿ ಮುಟ್ಟದಿದ್ದರೆ ಬೂಸ್ಟು ಬರುವ ಮೊದಲು ತೆಗೆದುಬಿಡಿ. ಮುಟ್ಟಿದರೆ ಮುನಿ ಗದ್ದೆಬದುವಿನಲ್ಲಿ ಹೂಬಿಡುತ್ತಿದ್ದರೆ ಪರಾಗದ ಚಿಂತೆ ಅಷ್ಟಿಲ್ಲ. ಕಳೆಯೆಂದು ಅದನ್ನು ಪೂರ್ತಿ ಸವರಬೇಡಿ.

ಎರಡೂ ಕುಟುಂಬ ಎರಡೆರಡು ಎರಿಗೆ ಇಳಿದಿದ್ದರೆ ಕೂಡಿಸುವುದೇ ಜಾಣತನ. ಎರಡು ಬಡ ಕುಟುಂಬಕ್ಕಿಂತ ಒಂದು ಗಟ್ಟಿ ಕುಟುಂಬ ದೀಪಾವಳಿ ಕಾಣುತ್ತದೆ, ಜನವರಿಯಲ್ಲಿ ಅದನ್ನೇ ಎರಡು ಮಾಡಬಹುದು. ದಿನಕ್ಕೆ ಒಂದು ಅಡಿಯಂತೆ ಸರಿಸಿ ಎರಡನ್ನೂ ಪಕ್ಕಕ್ಕೆ ತನ್ನಿ. ಮೊಟ್ಟೆ ಕಡಿಮೆ ಇಡುವ ರಾಣಿಯನ್ನು ತೆಗೆದ ಮಾರನೆಯ ಸಂಜೆ, ರಾಣಿಯಿರುವ ಕೋಣೆಯ ಮೇಲೆ ಒಂದು ಪತ್ರಿಕೆ ಹಾಳೆ ಹಾಸಿ, ಸೂಜಿಯಿಂದ ಹತ್ತಾರು ತೂತು ಮಾಡಿ, ಅದರ ಮೇಲೆ ರಾಣಿಯಿಲ್ಲದ ಕೋಣೆ ಕೂರಿಸಿ. ಹಾಳೆ ಕಡಿದು ಮುಗಿಸುವಷ್ಟರಲ್ಲಿ, ಎರಡು ಮೂರು ದಿನದಲ್ಲಿ, ವಾಸನೆ ಬೆರೆತು ಒಂದಾಗುತ್ತವೆ. ಹಾಳೆಯಿಲ್ಲದೆ ಸೇರಿಸಿದರೆ ಕಚ್ಚಾಡಿ ಸಾಯುತ್ತವೆ.

ಖಾಲಿ ಪೆಟ್ಟಿಗೆಯ ಹುಳು ಹಿಡಿದ ಎರಿಗಳನ್ನು ಈಗಲೇ ಕರಗಿಸಿ ಮೇಣ ಮಾಡಿ. ಕೆಡದಿದ್ದ ಎರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಐಸಿಡುವ ಖಾನೆಯಲ್ಲಿ ಒಂದು ದಿನವಿಟ್ಟರೆ ಮೊಟ್ಟೆ ಸಹಿತ ಸಾಯುತ್ತದೆ. ಗಂಧಕದ ಹೊಗೆಯಾದರೆ ಮೊಟ್ಟೆಗೆ ತಟ್ಟುವುದಿಲ್ಲ, ಎರಡು ಮೂರು ವಾರ ಬಿಟ್ಟು ಮತ್ತೆ ಹಾಕಬೇಕು. ನುಸಿಗುಳಿಗೆ ಬೇಡ, ಮೇಣ ಅದರ ವಾಸನೆ ಹೀರಿಕೊಳ್ಳುತ್ತದೆ. ಪೆಟ್ಟಿಗೆಯ ಒಳಮೈ, ಸಂದುಗಳನ್ನು ಬೆಂಕಿಯ ಜ್ವಾಲೆಗೆ ಹಿಡಿದು ಸ್ವಲ್ಪ ಬಾಡಿಸಿಡಿ.

ಜಾಗ

ತೋಟದ ನಡುವೆ, ಹಳ್ಳದ ಬದಿ. ಅಡಿಕೆ ಗಿಡಕ್ಕೆ ಹೇಳಿ ಮಾಡಿಸಿದ ಜಾಗ, ಜೇನಿಗೆ ನಿಮ್ಮ ಜಮೀನಿನಲ್ಲೇ ಕೆಟ್ಟದ್ದು. ರಾತ್ರಿ ಬೆಟ್ಟದ ತಣ್ಣನೆಯ ಗಾಳಿ ಇಳಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಬಿಸಿಲು ಅಲ್ಲಿಗೆ ತಲುಪುವುದೇ ಕೊನೆಗೆ, ಅದೂ ಅಡಿಕೆ ಹೆಡೆಯ ಸಂದಿನಿಂದ. ತುಡುವೆಗೆ ಇನ್ನೊಂದು ವಿಶೇಷವಿದೆ. ಬಾಗಿಲಲ್ಲಿ ಗಾಳಿ ಬೀಸುವ ತುಡುವೆ ನೊಣ ತಲೆಯನ್ನು ಹೊರಗಿಟ್ಟು ನಿಂತು ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಹೊರಗಿನ ಗಾಳಿಯೇ ಒದ್ದೆಯಾದರೆ ಒಳಗೆ ಆರುವುದೆಲ್ಲಿ? ಮೇಲಿಂದ ಸೋಗೆ ಬಿದ್ದು ಮುಚ್ಚಳ ಸರಿದರಂತೂ ಒಂದೇ ರಾತ್ರಿಯಲ್ಲಿ ಮುಗಿಯಿತು. ಜೊತೆಗೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ. ಬೋರ್ಡೊ ದ್ರಾವಣ ನೊಣವನ್ನು ಥಟ್ಟನೆ ಕೊಲ್ಲುವ ವಿಷವಲ್ಲ, ಆದರೂ ಪೆಟ್ಟಿಗೆಯ ಮೇಲೆ ಸುರಿಯುವುದು ಸರಿಯಲ್ಲ. ಹೆಚ್ಚು ಎಚ್ಚರ ಬೇಕಾದದ್ದು ಎಲೆಚುಕ್ಕಿಗೆ ಹೊಡೆಯುವ ಪ್ರೊಪಿಕೊನಜೋಲ್‌ನಂಥ ಶಿಲೀಂಧ್ರನಾಶಕವನ್ನು ಕೀಟನಾಶಕದ ಜೊತೆ ಒಂದೇ ಡ್ರಮ್ಮಿನಲ್ಲಿ ಬೆರೆಸುವಾಗ. ಬೆರೆತಾಗ ಕೆಲವು ಕೀಟನಾಶಕಗಳ ವಿಷ ನೊಣಕ್ಕೆ ಹಲವು ಪಟ್ಟು ಏರುತ್ತದೆ.

ನೀವು ಹುಡುಕಬೇಕಾದದ್ದು ತೋಟಕ್ಕೂ ಸೊಪ್ಪಿನ ಬೆಟ್ಟಕ್ಕೂ ನಡುವಿನ ಅಂಚನ್ನು. ಇಳಿಜಾರಿನ ಮಧ್ಯಭಾಗ, ಬೆಳಗಿನ ಎಳೆಬಿಸಿಲು ನೇರ ಬೀಳಬೇಕು, ಹನ್ನೊಂದರ ಮೇಲೆ ಮರದ ನೆರಳು ಬರಬೇಕು. ನಮ್ಮ ಮಳೆ ನೈರುತ್ಯದಿಂದ ಬರುವುದರಿಂದ ಬೆನ್ನಿಗೆ ಬೇಲಿಯೋ ಪೊದೆಯೋ ಇರಲಿ, ಬಾಗಿಲು ಪೂರ್ವಕ್ಕೆ ಅಥವಾ ಆಗ್ನೇಯಕ್ಕೆ. ಧರೆಯ ಬುಡ ಮಾತ್ರ ಬೇಡ. ಗಾಳಿ ಮರೆಯೆಂದು ಇಟ್ಟ ಪೆಟ್ಟಿಗೆಯ ಮೇಲೆ ಪುಷ್ಯ ಮಳೆಗೆ ಧರೆ ಕುಸಿಯುತ್ತದೆ. ಎರಡರಿಂದ ಎರಡೂವರೆ ಅಡಿ ಎತ್ತರದ ಕಾಲಿನ ಮೇಲೆ, ಬಾಗಿಲ ಕಡೆ ಅರ್ಧ ಇಂಚು ತಗ್ಗಿಸಿ ಕೂರಿಸಿದರೆ ನುಗ್ಗಿದ ನೀರು ತಾನೇ ಹೊರಹರಿಯುತ್ತದೆ. ಕಾಲಿನ ಇರುವೆ ಬಟ್ಟಲು ಮಳೆಗಾಲದಲ್ಲಿ ತುಂಬಿ ಎಣ್ಣೆಯೆಲ್ಲ ಹರಿದುಹೋಗುವುದರಿಂದ, ಆಗ ಕಾಲಿಗೆ ಗ್ರೀಸು ಬಳಿದು ಮೇಲೆ ತಗಡಿನ ಕೊಡೆ ಕಟ್ಟಿ. ಮೇಲಿನ ಕೊಂಬೆ ಪೆಟ್ಟಿಗೆಗೆ ತಾಗುತ್ತಿದ್ದರೆ ಕಾಲಿಗೆ ಏನು ಬಳಿದರೂ ಚಗಳಿ (ಮರದ ಕೆಂಪಿರುವೆ) ಆ ದಾರಿಯಲ್ಲಿ ಇಳಿಯುತ್ತದೆ. ಮಳೆಗೆ ಮುಚ್ಚಳದ ಮೇಲೆ ಅಂಚು ಚಾಚಿದ ತಗಡು, ಅದರ ಮೇಲೆ ಕಲ್ಲು ಸಾಕು. ಸುತ್ತ ಪ್ಲಾಸ್ಟಿಕ್ ಬಿಗಿದರೆ ಒಳಗೆ ಬೆವರು ಕಟ್ಟಿ ಎರಿ ಬೂಸ್ಟು ಹಿಡಿಯುತ್ತದೆ.

ಅಕ್ಟೋಬರಿನಿಂದ ಅಡಿಕೆ ಸುಲಿಯುವ, ಬೇಯಿಸುವ ಕಾಲ. ಒಲೆಯ ಹೊಗೆ ಬರುವ, ರಾತ್ರಿಯಿಡೀ ದೀಪ ಕಾಣುವ ಕಡೆ ಬಾಗಿಲು ಮಾಡಬೇಡಿ, ದೀಪಕ್ಕೆ ಮುತ್ತಿ ಸಾಯುವ ನೊಣ ಕಡಿಮೆಯಲ್ಲ. ನೀರಿಗಾಗಿ ಹಳ್ಳದ ಬದಿಯೇ ಬೇಕಿಲ್ಲ. ಬೇಸಿಗೆಯಲ್ಲಿ ಕಲ್ಲು ತುಂಬಿದ ಒಂದು ಬಾನಿ ನೀರು ನೂರು ಮೀಟರಿನೊಳಗೆ ಇದ್ದರೆ ಆಯಿತು.

ಇದಕ್ಕಿಂತ ಮುಖ್ಯವಾದದ್ದು ಸುತ್ತಲಿನ ಹೂವು. ತುಡುವೆ ಹೆಚ್ಚಾಗಿ ಮೇಯುವುದು ಒಂದು ಕಿಲೋಮೀಟರಿನೊಳಗೆ. ಅಡಿಕೆ ಹೊಂಬಾಳೆ ಕೊಡುವುದು ಮುಖ್ಯವಾಗಿ ಪರಾಗ. (ಅಡಿಕೆಯ ಪರಾಗಸ್ಪರ್ಶ ಬಹುಪಾಲು ಗಾಳಿಯಿಂದ. ಜೇನಿಟ್ಟರೆ ಅಡಿಕೆ ಫಸಲು ದುಪ್ಪಟ್ಟು ಎಂಬ ಮಾತನ್ನು ನಂಬಿ ಪೆಟ್ಟಿಗೆ ಕೊಳ್ಳಬೇಡಿ. ಏಲಕ್ಕಿ ಇದ್ದರೆ ಮಾತ್ರ ಜೇನಿನ ಋಣ ದೊಡ್ಡದು.) ತುಪ್ಪ ಬರುವುದು ಬೆಟ್ಟದ ನೇರಳೆ, ನಂದಿ, ಅಳಲೆ, ಹೊಂಗೆಯಿಂದ, ಮಾರ್ಚ್‌ನಿಂದ ಮೇ ತನಕ. ಸೊಪ್ಪಿಗೆಂದು ಪ್ರತಿ ವರ್ಷ ತಲೆ ಸವರಿದ ಮರ ಹೂ ಬಿಡುವುದಿಲ್ಲ. ಬೆಟ್ಟದ ಒಂದು ಭಾಗವನ್ನು ಸರದಿಯಲ್ಲಿ ಬಿಡಿ. ಅಷ್ಟು ಜಾಗಕ್ಕೆ ಸದ್ಯ ಹತ್ತು ಪೆಟ್ಟಿಗೆ ದಾಟಬೇಡಿ.

ಸ್ಥಳ ಬದಲಿಸುವಾಗ ಒಂದು ಎಚ್ಚರ. ಇವತ್ತು ಹಳ್ಳದ ಬದಿಯಿಂದ ಎತ್ತಿ ಇನ್ನೂರು ಅಡಿ ಮೇಲಿಟ್ಟರೆ ಮೇಯಲು ಹೋದ ನೊಣ ಹಳೆಯ ಜಾಗಕ್ಕೇ ಬಂದು ಗುಂಪಾಗಿ ಸಾಯುತ್ತದೆ. ರಾತ್ರಿ ಬಾಗಿಲಿಗೆ ಬಲೆ ಕಟ್ಟಿ, ಎರಡು ಮೂರು ಕಿಲೋಮೀಟರ್ ಆಚೆಯ ಪರಿಚಯದವರ ಮನೆಯಲ್ಲಿ ಹದಿನೈದು ದಿನವಿಟ್ಟು, ಆಮೇಲೆ ಹೊಸ ಜಾಗಕ್ಕೆ ತನ್ನಿ. ಮೂರು ನಾಲ್ಕು ದಿನ ಬಿಡದೆ ಮಳೆ ಹೊಯ್ದು ನೊಣ ಹೊರಬರದೇ ಇದ್ದಾಗ ನೇರವಾಗಿಯೂ ಸಾಗಿಸಬಹುದು. ಬಾಗಿಲ ಮುಂದೆ ಎಲೆಕೊಂಬೆ ಅಡ್ಡ ಇಟ್ಟರೆ ನೊಣ ಹೊಸ ದಾರಿಯನ್ನು ಕಲಿತು ಹಾರುತ್ತದೆ.

ಮಳೆಗಾಲಕ್ಕೆ ಪೆಟ್ಟಿಗೆಯನ್ನು ಶಿಕಾರಿಪುರ, ಸೊರಬದ ಮೆಕ್ಕೆಜೋಳದ ಸೀಮೆಗೆ ಸಾಗಿಸುವವರೂ ಇದ್ದಾರೆ. ಮಳೆ ಕಡಿಮೆ, ಜೋಳ ಸೂಲಂಗಿ ಬಿಟ್ಟಾಗ ಪರಾಗ ಧಾರಾಳ. ಆದರೆ ಅಲ್ಲಿ ಜೋಳ ತಿನ್ನುವ ಫಾಲ್ ಸೈನಿಕ ಹುಳುವಿಗೆ ಕೀಟನಾಶಕದ ಹೊಡೆತ ಜೋರು. ಅಂದಹಾಗೆ, 2018ರಲ್ಲಿ ಆ ಹುಳು ದೇಶದಲ್ಲೇ ಮೊದಲು ಗುರುತಾದದ್ದು ಶಿವಮೊಗ್ಗದ ಕಡೆಯ ಜೋಳದಲ್ಲಿ. ಎರಡು ಪೆಟ್ಟಿಗೆಗೆ ಬಾಡಿಗೆ, ಅಪಾಯ ಎರಡೂ ಜಾಸ್ತಿಯಾಯಿತು. ನಾಲ್ಕು ತಿಂಗಳಿಗೆ ಪೆಟ್ಟಿಗೆಗೆ ನಾಲ್ಕು ಕೆ.ಜಿ. ಸಕ್ಕರೆಯೇ ಅಗ್ಗ.

ಮೆಲ್ಲಿಫೆರಾ ಬಗ್ಗೆ: ಅದು ತುಡುವೆಯಷ್ಟು ಸುಲಭವಾಗಿ ಓಡುವುದಿಲ್ಲ ಎಂಬುದು ನಿಜ. ಓಡದೆ ಪೆಟ್ಟಿಗೆಯೊಳಗೇ ಸಾಯುತ್ತದೆ. ದೊಡ್ಡ ಕುಟುಂಬ, ದೊಡ್ಡ ಹೊಟ್ಟೆ. ವರೋವಾ ಎಂಬ ಪರಾವಲಂಬಿ ನುಸಿಯನ್ನು ತುಡುವೆ ಬಹುಮಟ್ಟಿಗೆ ತಾನೇ ನಿಭಾಯಿಸುತ್ತದೆ, ಮೆಲ್ಲಿಫೆರಾಗೆ ನೀವೇ ಔಷಧಿ ಮಾಡಬೇಕು. ಸೂರ್ಯಕಾಂತಿ, ಸಾಸಿವೆ ಎಂದು ಹೂವಿನ ಹಿಂದೆ ಲಾರಿಯಲ್ಲಿ ಊರೂರು ತಿರುಗುವವರಿಗೆ ಅದು ಲಾಭ. ಒಂದೇ ಕಡೆ ಇಟ್ಟು ಮಲೆನಾಡಿನ ಮಳೆಗಾಲ ಕಳೆಸಲು ಹೊರಟವರಿಗೆ ನಾನು ಬೇಡವೆಂದೇ ಹೇಳುವುದು. ತುಡುವೆಯ ಪಕ್ಕದಲ್ಲೇ ಇಟ್ಟರೆ ದೋಚಾಟದ ಕಾಟ ಬೇರೆ.

ಹೊಸ ಕುಟುಂಬ ಬೇಕಾದರೆ ನವೆಂಬರಿನಿಂದ ಜನವರಿಯೊಳಗೆ ತನ್ನಿ. ನಾಲ್ಕೈದು ಎರಿಗೆ ನೊಣ ಕವಿದಿರಬೇಕು, ಮೊಟ್ಟೆ ಕಣ್ಣಿಗೆ ಕಾಣಬೇಕು, ಕೊಡುವವರ ಉಳಿದ ಪೆಟ್ಟಿಗೆಗಳಲ್ಲೂ ಸತ್ತ ಮರಿ ಇರಬಾರದು. ಏಪ್ರಿಲಿನಲ್ಲಿ ತುಪ್ಪ ತುಂಬಿದ ಪೆಟ್ಟಿಗೆ ತೋರಿಸಿ ಮಾರುವವರಿಂದ ಕೊಂಡರೆ ನಿಮಗೆ ಸಿಗುವುದು ಒಂದು ಕೊಯ್ಲು, ಆಮೇಲೆ ನೇರ ಮಳೆಗಾಲ. ತುಪ್ಪ ತೆಗೆಯುವುದು ಜೇನು ಕೋಣೆಯಿಂದ ಮಾತ್ರ, ಮುಕ್ಕಾಲು ಪಾಲು ಮೇಣದಿಂದ ಮುಚ್ಚಿದ ಎರಿಯಿಂದ ಮಾತ್ರ. ತುಡುವೆಯ ತುಪ್ಪದಲ್ಲಿ ನೀರು ಮೊದಲೇ ಹೆಚ್ಚು, ಮುಚ್ಚದ ಎರಿಯದ್ದು ಆಹಾರ ಸುರಕ್ಷತಾ ನಿಯಮದ ಶೇ. 20ರ ಮಿತಿ ದಾಟಿ ಬಾಟಲಿಯಲ್ಲೇ ಹುಳಿಯುತ್ತದೆ. ಮೇ ಎರಡನೇ ವಾರ ತುಪ್ಪ ತೆಗೆಯುವ ಯಂತ್ರ ತೊಳೆದು ಅಟ್ಟಕ್ಕೆ ಹಾಕಿ. ಆಮೇಲೆ ಬಂದದ್ದೆಲ್ಲ ನೊಣದ್ದು.